ಬೀಜದ ಟಗರು ಚಲೋ ಐತೋ ಇಲ್ಲೋ, ಸಣ್ಣ ಹಿಂಡಿನಾಗ ಲೆಕ್ಕ ಹ್ಯಾಂಗ ಹಿಡಿಯೂದು?

ಶಿರಹಟ್ಟಿ_ಹಟ್ಟಿ

42 ತಾಯಿಕುರಿ ಅದಾವ, ಎಲ್ಲಾ ಬಳ್ಳಾರಿ ತಳಿ. ಟಗರು ಎರಡು. ಒಂದು ಮನಿಯಾಗ ಹುಟ್ಟಿದ್ದು, ಎಂಟ ಹಲ್ಲಿಂದು, ಅಂದ್ರ ಪೂರ್ತಿ ಬಲಿತದ್ದು. ಇನ್ನೊಂದು ಅಮೀನಗಡ ಸಂತಿಯಿಂದ ತಂದ ಕೆಂಗುರಿ, ಕೆಂಚ ಬಣ್ಣದ ತಳಿ, ನಾಲ್ಕ ಹಲ್ಲು, ವಯಸ್ಸಿನಾಗ ಸಣ್ಣದು. ಹೋದ ಜೂನ್ 15ಕ್ಕ ಎರಡನ್ನೂ ಕೂಡೇ ಹಿಂಡಿಗೆ ಬಿಟ್ಟದ್ದು.

ಈದ ಲೆಕ್ಕ: ನವೆಂಬರ್ 28ರ ತನಕ 14, ಡಿಸೆಂಬರ್ 15ರ ತನಕ 12, ಜನವರಿ 1ರ ತನಕ 7, ಆಮ್ಯಾಲೆ 3. ಆರು ಕುರಿ ಗೊಡ್ಡ ಉಳದಾವ. ಅವಳಿ ಎರಡ ಕುರಿಗೆ, ಎರಡ ಮರಿ ಸತ್ತಾವ. ಉಳದ 36 ಮರಿ ಮಾರ್ಚ್ 1ಕ್ಕ ಒಂದ ದಿನ ತೂಗೇವಿ. ಕೆಂಗುರಿದು ಅಂತ ಹಿಡಿದ ಕೆಂಚ ಮರಿ 15, ಸರಾಸರಿ 15.6 ಕಿಲೋ. ಬಾಕಿ 21 ಮರಿ, ಸರಾಸರಿ 14.3.

ಹಳೇದನ್ನ ಮಾರಿ ಕೆಂಗುರಿ ಒಂದನ್ನ ಇಟ್ಕೊಂಡ್ರ ಸರಿ ಆಗ್ತದೇನ್ರಿ? ಮಾರೂದು ಮಾಂಸಕ್ಕ, ಹಂಗಾಗಿ ತೂಕಾನ ಮುಖ್ಯ.

---

ರಾಣೇಬೆನ್ನೂರ_ಕುರಿ

ಅಣ್ಣಾರ, ಎರಡೂ ಟಗರು ಕೂಡೇ ಬಿಟ್ಟೀರಿ ಅಂದ್ಮ್ಯಾಲೆ ಯಾವ ಮರಿ ಯಾರದು ಅಂತ ಹೇಳೂದು ಹ್ಯಾಂಗ? ಬಣ್ಣ ನೋಡಿ ಹಂಚಿದ್ದು ಅಂದಾಜಷ್ಟ. ನಿಮ್ಮ ಬಳ್ಳಾರಿ ಕುರಿಯೊಳಗ ಕಂದು ಮಚ್ಚಿ ಇದ್ದದ್ದು ಒಂದೂ ಇಲ್ಲೇನು? ಕೆಂಗುರಿಗೆ ಹುಟ್ಟಿದ ಮರಿ ತಾಯಿ ಬಣ್ಣ ಹೊತ್ತುಕೊಂಡು ಬಂದಿದ್ರೂ ಬರಬಹುದು.

ಇನ್ನೊಂದು ಮಾತು. ಎರಡು ಟಗರು ಕೂಡಿದಲ್ಲಿ ಒಂದು ಯಜಮಾನ ಆಗ್ತೈತಿ. ಬೆದಿಗೆ ಬಂದ ಕುರಿ ಹತ್ರ ಇನ್ನೊಂದನ್ನ ಬಿಡೂದಿಲ್ಲ, ಗುದ್ದಿ ಓಡಸ್ತೈತಿ. ಆ ಯಜಮಾನನ ಬೀಜದಾಗ ಕೊರತಿ ಇದ್ರ ಇಡೀ ಹಿಂಡಿಗೆ ಪೆಟ್ಟು. ನಿಮ್ಮಲ್ಲಿ ಎಂಟ ಹಲ್ಲಿಂದು ಯಜಮಾನ ಆಗಿರೂದಾ ಹೆಚ್ಚು.

ಈ ಸಲ ಹಿಂಗ ಮಾಡ್ರಿ. ಹಗಲು ಮೇಯಾಕ ಎಲ್ಲಾ ಕೂಡೇ ಹೋಗಲಿ, ಆದ್ರ ಎರಡೂ ಟಗರಿಗೆ ಹೊಟ್ಟಿ ಕೆಳಗ ಗೋಣಿತಟ್ಟು ಕಟ್ರಿ, ಹಾರಿದ್ರೂ ಕೂಡೂದಿಲ್ಲ. ಸಂಜಿಗೆ ಬಲೆ ಕಟ್ಟಿ ಎರಡು ದಡ್ಡಿ ಮಾಡಿ, ತಲಾ 21 ಕುರಿ, ಒಂದೊಂದು ಟಗರು, ತಟ್ಟು ಬಿಚ್ಚಿ ಬಿಡ್ರಿ. ಕುರಿ ಹಂಚೂವಾಗ ಚಲೋ ಕುರಿ ಎಲ್ಲಾ ಕೆಂಗುರಿ ಕಡೆ ಹಾಕಬ್ಯಾಡ್ರಿ. ಮೊದಲ ಸೂಲಿನವು, ನಡುವಯಸ್ಸಿನವು, ಮುದಿ ಕುರಿ ಬ್ಯಾರೆ ಬ್ಯಾರೆ ನಿಲ್ಲಿಸಿ, ಪ್ರತಿ ಗುಂಪಿನಾಗ ಕಿವಿಬಿಲ್ಲೆ ನಂಬರ್ ಸರಿ ಇದ್ದದ್ದು ಒಂದು ಕಡೆ, ಬೆಸ ಇದ್ದದ್ದು ಇನ್ನೊಂದು ಕಡೆ. ಕಣ್ಣಿಂದ ಆರಿಸಿದ್ರ ಮೋಸ ಆಗ್ತೈತಿ.

---

ಪಶುವೈದ್ಯ_ಹಾವೇರಿ

ತೂಕದ ಮಾತು ಆಮೇಲೆ. ಮೊದಲು ಈದ ಲೆಕ್ಕ ನೋಡಿ, ಅಲ್ಲಿ ದೊಡ್ಡ ತೂತಿದೆ.

ಕುರಿ 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಗಬ್ಬ ಸುಮಾರು 150 ದಿನ. ಜೂನ್ 15ಕ್ಕೆ ಬಿಟ್ಟರೆ ನವೆಂಬರ್ 12ರ ಆಸುಪಾಸು ಈಯಲು ಶುರು, ನಾಲ್ಕೈದು ದಿನ ಹಿಂದೆ ಮುಂದೆ. ನೀವು ಕೊಟ್ಟ ತಾರೀಖುಗಳು ಸರಿಯಾಗಿ ಒಂದೊಂದು ಸುತ್ತಿನವು. ಮೊದಲ ಸುತ್ತು 42ರಲ್ಲಿ 14, ಅಂದರೆ ನೂರಕ್ಕೆ 33. ಉಳಿದ 28ರಲ್ಲಿ 12, ನೂರಕ್ಕೆ 43. ಉಳಿದ 16ರಲ್ಲಿ 7, ನೂರಕ್ಕೆ 44. ಗಟ್ಟಿ ಟಗರು, ಮೈಹಿಡಿದ ಕುರಿ ಇದ್ದರೆ ಮೊದಲ ಸುತ್ತಿನಲ್ಲೇ ನೂರಕ್ಕೆ 70ರ ಹತ್ತಿರ ಗಬ್ಬ ನಿಲ್ಲಬೇಕು. ನಿಮ್ಮಲ್ಲಿ ಮೂರೂ ಸುತ್ತಿನಲ್ಲಿ ಅರ್ಧ ದಾಟಿಲ್ಲ. ತಡವಾಗಿ ಹುಟ್ಟಿದ ಮರಿ ಮಾರುವ ಹೊತ್ತಿಗೆ ಒಂದು ತಿಂಗಳು ಚಿಕ್ಕದು. ಅಲ್ಲೇ ಎರಡು ಮೂರು ಕಿಲೋ ಹೋಯಿತು, ಯಾವ ತಳಿಯ ಟಗರು ತಂದರೂ ಅದು ತುಂಬುವುದಿಲ್ಲ.

ತಪ್ಪು ಟಗರಿನದೋ ಕುರಿಯದೋ? ಈದ ತಾರೀಖು ಒಂದೇ ಹಿಡಿದು ಹೇಳಲಾಗದು. ಬೇಸಗೆ ಮೇವಿಲ್ಲದೆ ಸೊರಗಿದ ಕುರಿ ಬೆದೆಗೇ ಬರುವುದಿಲ್ಲ, ಆಗಲೂ ಲೆಕ್ಕ ಹೀಗೇ ಕಾಣುತ್ತದೆ. ಇದನ್ನು ಬಿಡಿಸಲು ಟಗರಿನ ಎದೆಗೆ ಬಣ್ಣ ಹಚ್ಚಬೇಕು. ಕೆಮ್ಮಣ್ಣಿನಂಥ ಬಣ್ಣದ ಪುಡಿಯನ್ನು ಶೇಂಗಾ ಎಣ್ಣೆಯಲ್ಲಿ ಗಟ್ಟಿ ಚಟ್ನಿ ಹದಕ್ಕೆ ಕಲಸಿ, ಮುಂಗಾಲುಗಳ ನಡುವೆ ಎದೆಮೂಳೆಯ ಮೇಲೆ ದಪ್ಪಗೆ ಬಳಿಯಿರಿ, ಎರಡು ದಿನಕ್ಕೊಮ್ಮೆ. ಹಾರಿದ ಕುರಿಯ ಸೊಂಟದ ಮೇಲೆ ಗುರುತು ಬೀಳುತ್ತದೆ. ದಿನಾ ಬೆಳಿಗ್ಗೆ ದಡ್ಡಿ ಬಿಚ್ಚುವ ಮೊದಲು ಬಿಲ್ಲೆ ನಂಬರ್, ತಾರೀಖು ಬರೆಯಿರಿ. 16 ದಿನ ಆದ ಮೇಲೆ ಬಣ್ಣ ಬದಲಿಸಿ. ಮೊದಲು ಹಳದಿ, ಆಮೇಲೆ ಕೆಂಪು, ಕೊನೆಗೆ ನೀಲಿ. ತಿಳಿ ಬಣ್ಣದ ಮೇಲೆ ಗಾಢ ಬಣ್ಣ ಕಾಣುತ್ತದೆ, ತಿರುವುಮುರುವು ಮಾಡಿದರೆ ಏನೂ ತಿಳಿಯದು.

ಗುರುತೇ ಬೀಳದ ಕುರಿ ಹೆಚ್ಚಿದ್ದರೆ ಕುರಿ ಬೆದೆಗೆ ಬಂದಿಲ್ಲ, ಇಲ್ಲವೇ ಟಗರು ಹಾರುತ್ತಿಲ್ಲ, ಕಾಲು ನೋಡಿ. ಹಳದಿ ಗುರುತು ಬಿದ್ದ ಕುರಿಗೆ 17 ದಿನಕ್ಕೆ ಕೆಂಪು, ಮತ್ತೆ ನೀಲಿ ಬೀಳುತ್ತ ಹೋದರೆ ಹಾರಿದ್ದು ಹೌದು, ನಿಂತಿಲ್ಲ. ಅಂಥವು ಹಿಂಡಿನ ತುಂಬ ಇದ್ದರೆ ಟಗರಿನ ಬೀಜದ ಮೇಲೆ ಅನುಮಾನ ಪಡಿ. ಒಂದೆರಡು ಇದ್ದರೆ ಆ ಕುರಿಗಳದೇ ದೋಷ.

ಟಗರನ್ನು ಏಪ್ರಿಲ್ ಮಧ್ಯದಲ್ಲೇ ಕೂರಿಸಿ ನೋಡಿ, ಬಿಡುವ ವಾರ ಅಲ್ಲ. ಇವತ್ತು ತಯಾರಾಗಲು ಶುರುವಾದ ವೀರ್ಯ ಹೊರಬರಲು ಸುಮಾರು 60 ದಿನ ಬೇಕು. ಹಿಂದಿನ ಕಾಲ ಮಡಚಿ, ಬೆನ್ನು ನಿಮ್ಮ ಮೊಣಕಾಲಿಗೆ ಆನಿಸಿ ಕೂರಿಸಿದರೆ ಟಗರು ಸುಮ್ಮನಿರುತ್ತದೆ. ತರಡನ್ನು, ಅಂದರೆ ಬೀಜದ ಚೀಲವನ್ನು, ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಬೀಜ ಜಾರಿಸಿ ನೋಡಿ. ಎರಡೂ ಸಮ ಇರಬೇಕು. ಬಿಗಿದ ತೋಳಿನ ಮಾಂಸದಷ್ಟು ಗಟ್ಟಿ ಇರಬೇಕು, ಮೆತ್ತಗೆ ಹಿಟ್ಟಿನಂತೆ ಇದ್ದರೆ ಕೆಲಸ ಕೆಟ್ಟಿದೆ. ಬೀಜದ ಬುಡದಲ್ಲಿ ಹುಣಸೆ ಬೀಜದಂತೆ ಒಂದು ಉಬ್ಬು ಸಿಗುತ್ತದೆ, ವೀರ್ಯ ಕೂಡಿಡುವ ಜಾಗ ಅದು. ಅಲ್ಲಿ ಕಲ್ಲಿನಂಥ ಗಂಟು ಸಿಕ್ಕರೆ, ಇಲ್ಲವೇ ಒಂದು ಕಡೆ ಊದಿದ್ದರೆ, ಆ ಟಗರು ಬೀಜಕ್ಕೆ ಬೇಡ. ರಕ್ತ ತೆಗೆಸಿ ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ. ಅದು ಮನುಷ್ಯರಿಗೂ ಅಂಟುವ ರೋಗ. ಕಂದು ಹಾಕಿದ (ಗರ್ಭಪಾತವಾದ) ಕುರಿಯ ಸತ್ತೆಯನ್ನು (ಮಾಸನ್ನು) ಬರಿಗೈಯಲ್ಲಿ ಮುಟ್ಟಬೇಡಿ.

ತರಡಿನ ಸುತ್ತಳತೆಗೆ ಟೇಪು ಹಿಡಿಯುವವರಿಗೆ ಒಂದು ಮಾತು. ವಿದೇಶಿ ತಳಿಗಳಿಗೆ ಬರೆದ 32 ಸೆಂ.ಮೀ. ಅಳತೆ ನಮ್ಮ ಕುರಿಗೆ ಹಾಕಬೇಡಿ. ಒಂದೇ ವಯಸ್ಸಿನ ನಾಲ್ಕು ಟಗರು ಅಳೆದು, ಎಲ್ಲಕ್ಕಿಂತ ಸಣ್ಣದ್ದನ್ನು ಬೀಜಕ್ಕೆ ಇಟ್ಟುಕೊಳ್ಳಬೇಡಿ, ಸಾಕು. ವೀರ್ಯವನ್ನೇ ನೋಡಿಸಬೇಕೆಂದರೆ ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ, ವಿಚಾರಿಸಿ.

ಬಿಸಿಲನ್ನೂ ಮರೆಯಬೇಡಿ. ತರಡು ಮೈಗಿಂತ ನಾಲ್ಕೈದು ಡಿಗ್ರಿ ತಣ್ಣಗಿದ್ದರೆ ಮಾತ್ರ ವೀರ್ಯ ಸರಿಯಾಗಿ ಆಗುತ್ತದೆ. ಮೇ ತಿಂಗಳ ಬಿಸಿಲಲ್ಲಿ ಇಡೀ ದಿನ ನಿಂತ ಟಗರು ಜೂನ್, ಜುಲೈನಲ್ಲಿ ಹಾರುತ್ತದೆ, ಕುರಿ ನಿಲ್ಲುವುದಿಲ್ಲ. ಜ್ವರ ಬಂದರೂ ಇದೇ ಕತೆ. ನೀಲಿ ನಾಲಿಗೆ ರೋಗ ಬಂದು ಗುಣವಾದ ಟಗರನ್ನು ಎರಡು ತಿಂಗಳು ನಂಬಬೇಡಿ, ನೋಡಲು ಎಷ್ಟೇ ಚೆನ್ನಾಗಿರಲಿ.

---

ತಕ್ಕಡಿ_ನವಲಗುಂದ

ಡಾಕ್ಟ್ರು ಈದ ಲೆಕ್ಕ ಬಿಡಿಸಿದ್ರು, ತೂಕದ್ದು ನಾ ಹೇಳ್ತೇನಿ. ಎಲ್ಲಾ ಮರಿ ಒಂದ ದಿನ ತೂಗಿದ್ರ ಮೊದಲ ಹುಟ್ಟಿದ್ದು ಗೆಲ್ತೈತಿ, ಟಗರು ಗೆಲ್ಲೂದಿಲ್ಲ. ತೂಕ 90 ದಿನಕ್ಕ ಇಳಿಸ್ರಿ: ಈಗಿನ ತೂಕದಾಗ ಹುಟ್ಟಿದ ತೂಕ ಕಳೀರಿ, ದಿನದ ವಯಸ್ಸಿಂದ ಭಾಗಿಸ್ರಿ, 90ರಿಂದ ಗುಣಿಸ್ರಿ, ಹುಟ್ಟಿದ ತೂಕ ಮತ್ತ ಕೂಡಸ್ರಿ.

ನವೆಂಬರ್ 9ಕ್ಕ ಹುಟ್ಟಿದ ಮರಿ ಮಾರ್ಚ್ 1ಕ್ಕ 112 ದಿನದ್ದು. ತೂಕ 17.2, ಹುಟ್ಟಿದಾಗ 3.0 ಅಂತ ಹಿಡೀರಿ. 14.2 ಭಾಗಿಸು 112, ಗುಣಿಸು 90, ಕೂಡಿಸು 3.0. ಬಂತು 14.4. ಡಿಸೆಂಬರ್ 13ಕ್ಕ ಹುಟ್ಟಿದ್ದು 78 ದಿನದ್ದು, ತೂಕ 13.5, ಹುಟ್ಟಿದಾಗ 2.8. ಅದಕ್ಕ ಬರೂದು 15.1. ತಕ್ಕಡಿ ಮ್ಯಾಲೆ ಹಿಂದ ಬಿದ್ದ ಮರೀನ ಖರೇವಂದ್ರ ಮುಂದೈತಿ. ನಿಮ್ಮ ಕೆಂಚ ಮರಿ ಮೊದಲ ಸುತ್ತಿನಾಗ ಹೆಚ್ಚು ಹುಟ್ಟಿದ್ರ ಆ 1.3 ಕಿಲೋ ಫರಕು ಅಲ್ಲೇ ಮುಗೀತು.

ಆಮ್ಯಾಲೆ ಗಂಡು ಹೆಣ್ಣು ಕೂಡಿಸಬ್ಯಾಡ್ರಿ, ಗಂಡು ಮರಿ ಹೆಚ್ಚ ತೂಗ್ತಾವ. ಅವಳಿ ಮರಿ ಬ್ಯಾರೆ. ಮೊದಲ ಸೂಲಿನ ಕುರಿ ಮರಿ ಬ್ಯಾರೆ, ಅದಕ್ಕ ಹಾಲು ಕಡಿಮಿ. ಇಷ್ಟೆಲ್ಲಾ ಬ್ಯಾರೆ ಮಾಡಿದ ಮ್ಯಾಲೆ ಒಂದೊಂದು ಟಗರಿಗೆ ಎಂಟೋ ಹತ್ತೋ ಮರಿ ಉಳೀತಾವ. ಒಂದ ಟಗರಿನ ಮರಿಗಳ ನಡುವ ಎರಡು ಕಿಲೋ ಹೆಚ್ಚುಕಡಿಮಿ ಇರೂದು ಸಹಜ, ಹಂಗಾಗಿ ಹದಿನೈದ ಹದಿನೈದು ಮರಿ ಇದ್ರೂ ಸರಾಸರಿಯೊಳಗ ಒಂದೂವರೆ ಕಿಲೋ ಒಳಗಿನ ಫರಕು ನಂಬೂ ಹಂಗಿಲ್ಲ. ಹತ್ತಕ್ಕ ಇಳಿದ್ರ ಇನ್ನೂ ದೊಡ್ಡ ಫರಕು ಬೇಕು. ಎರಡು ಈದ ಕಾಲದ ಲೆಕ್ಕ ಕೂಡಿಸಿ ನೋಡ್ರಿ.

ಮೂರು ತಿಂಗಳ ತೂಕದಾಗ ತಾಯಿ ಹಾಲಿನ ಪಾಲು ಬಹಳ. ಅಪ್ಪನ ಗುಣ ಹೆಚ್ಚು ಕಾಣೂದು ಹಾಲು ಬಿಟ್ಟ ಮ್ಯಾಲೆ. ಆರು ತಿಂಗಳಿಗೆ ಮತ್ತೊಮ್ಮೆ ತೂಗ್ರಿ.

ತೂಗೂ ರೀತಿ: ಮುಂಜಾನೆ ಮೇಯಾಕ ಬಿಡೂ ಮೊದಲ. ಹೊಟ್ಟಿ ತುಂಬಿದ ಮರಿ ಒಂದು ಕಿಲೋ ಹೆಚ್ಚ ತೋರಸ್ತೈತಿ. ಗೋಣಿಚೀಲಕ್ಕ ನಾಲ್ಕು ತೂತು ಕೊರದು ಕಾಲು ಹೊರಗ ಬಿಟ್ಟು, ತೂಗು ತಕ್ಕಡಿಗೆ ಸಿಗಿಸ್ರಿ. ಖಾಲಿ ಚೀಲದ ತೂಕ ಮೊದಲ ಸೊನ್ನಿ ಮಾಡೂದು ಮರೀಬ್ಯಾಡ್ರಿ. ಮಂಜು ಬಿದ್ದ ದಿನ ಚೀಲ ಹಸಿ ಆಗ್ತೈತಿ, ಹತ್ತು ಮರಿಗೊಮ್ಮೆ ಮತ್ತ ಸೊನ್ನಿ ಮಾಡ್ರಿ. ಹುಟ್ಟಿದ ತೂಕ ಮೊದಲ ದಿನದೊಳಗ.

---

ಶಿರಹಟ್ಟಿ_ಹಟ್ಟಿ

ಭಾಳ ಉಪಕಾರ ಆತ್ರಿ. ಹುಟ್ಟಿದ ತೂಕ ಬರದಿಲ್ಲ, ತಾರೀಖು ಅದಾವ. ಸದ್ಯಕ್ಕ ಎಲ್ಲಾದಕ್ಕೂ 2.8 ಅಂತ ಹಾಕಲೇನು? ಮತ್ತ ಹಳೇದನ್ನ ಇಡೂದೋ ಮಾರೂದೋ, ಅದನ್ನ ಯಾರೂ ಹೇಳ್ಲಿಲ್ಲ. ಸಂತಿಯೊಳಗ ಅದರ ಕೊಂಬು, ಎದಿ ನೋಡಿ ಚಲೋ ರೇಟ ಕೇಳಾಕತ್ತಾರ.

---

ರಾಣೇಬೆನ್ನೂರ_ಕುರಿ

ಮಾರ್ರಿ. ಬೀಜ ಚಲೋ ಇದ್ರೂ ಮಾರ್ರಿ. ಮನಿಯಾಗ ಹುಟ್ಟಿದ್ದು ಅಂದ್ರ ಅದರ ತಾಯಿ, ಅಕ್ಕತಂಗೇರು ಹಿಂಡಿನಾಗಾ ಅದಾರ, ಈಗ ಮಕ್ಕಳೂ ಬೆದಿಗೆ ಬಂದಿರ್ತಾವ. ಎರಡು ವರ್ಷಕ್ಕ ಟಗರು ಬದಲಿ ಮಾಡೂದು ಅದಕ್ಕ. ಕೊಂಬು ನೋಡಿ ಕೇಳೂ ರೇಟು ಕಾಳಗದವರ ರೇಟು. ಅಂವಗ ಗುದ್ದೂ ತಲಿ ಬೇಕು, ನಿಮಗ ಮರಿ ಬೇಕು.

---

ತಕ್ಕಡಿ_ನವಲಗುಂದ

2.8 ಹಾಕ್ರಿ, ನಡೀತೈತಿ. ಆದ್ರ ಕೆಂಚ ಮರಿ ಖರೇನಾ ಮುಂದ ಬಂದ್ರೂ ಒಂದು ಲಕ್ಷ್ಯ ಇರಲಿ. ಅವು ಎರಡು ತಳಿ ಕೂಡಿದ ಮರಿ. ಕೂಡಿದಾಗ ಬರೂ ಕಸುವು ಟಗರಿಂದಲ್ಲ, ಮುಂದಿನ ಪೀಳಿಗಿಗೆ ಅಷ್ಟಾ ಉಳಿಯೂದೂ ಇಲ್ಲ. ಆ ಕಡೆ ಹಳೇ ಟಗರಿನ ಮರಿ ಒಳಸಂಬಂಧದಿಂದ ಸೊರಗಿರಬಹುದು. ಹಂಗಾಗಿ ಈ ಹೋಲಿಕಿಯಾಗ ಕೆಂಗುರಿಗೆ ಮೊದಲಾ ಎರಡು ಹೆಜ್ಜಿ ಮುಂದ ನಿಲ್ಲಿಸಿದಂಗ ಆತು. ಕೆಂಚ ಗಂಡು ಮರಿ ಮಾರಾಕ ಚಲೋ. ಹೆಣ್ಣು ಮರಿ ತಾಯಿಕುರಿ ಮಾಡೂದಿದ್ರ ವಿಚಾರ ಮಾಡ್ರಿ.

---

ಪಶುವೈದ್ಯ_ಹಾವೇರಿ

ಮಾರುವುದಕ್ಕೆ ನನ್ನ ತಕರಾರಿಲ್ಲ, ಆದರೆ ಮೊದಲು ತರಡು ಮುಟ್ಟಿ, ರಕ್ತ ಪರೀಕ್ಷೆ ಮಾಡಿಸಿ. ಗಂಟು ಸಿಕ್ಕರೆ ಬೀಜಕ್ಕೆಂದು ಇನ್ನೊಬ್ಬರ ಹಿಂಡಿಗೆ ಕೊಡಬೇಡಿ. ಹಳೆಯದು ಹೋದ ಮಾತ್ರಕ್ಕೆ ನಾಲ್ಕು ಹಲ್ಲಿನ ಕೆಂಗುರಿ ಒಂದೇ 42 ಕುರಿ ನೋಡಿಕೊಳ್ಳುವುದಿಲ್ಲ. 25, ಹೆಚ್ಚೆಂದರೆ 30. ಇನ್ನೊಂದು ಬಳ್ಳಾರಿ ಟಗರು ಹೊರಗಿನಿಂದ ತನ್ನಿ. ಈಗಲೇ ತನ್ನಿ, ಮೇ ಕೊನೆಗೆ ತಂದರೆ ಪ್ರಯಾಣದ ಜ್ವರ ಜೂನ್ ಸುತ್ತಿಗೇ ಹೊಡೆಯುತ್ತದೆ.

ಏಪ್ರಿಲ್ ಮಧ್ಯದಿಂದ ಟಗರಿಗೆ ದಿನಕ್ಕೆ 300 ಗ್ರಾಂ ಕಾಳು: ಗೋವಿನಜೋಳ ಎರಡು ಪಾಲು, ಶೇಂಗಾ ಹಿಂಡಿ ಒಂದು ಪಾಲು, ಚಿಟಿಕೆ ಉಪ್ಪು. ಮೊದಲ ದಿನವೇ ಪೂರ್ತಿ ಹಾಕಬೇಡಿ, 50 ಗ್ರಾಂನಿಂದ ಏರಿಸಿ, ಇಲ್ಲದಿದ್ದರೆ ಹೊಟ್ಟೆ ಹುಳಿಯಾಗುತ್ತದೆ. ಬೆನ್ನುಮೂಳೆ ಕೈಗೆ ಸಿಗದಷ್ಟು ಕೊಬ್ಬಿದ ಟಗರು ನೆರಳು ಬಿಟ್ಟು ಏಳುವುದಿಲ್ಲ. ಕುರಿಗಳಿಗೂ ಟಗರು ಬಿಡುವ ಎರಡು ವಾರ ಮೊದಲಿನಿಂದ ತಲಾ 200 ಗ್ರಾಂ.

ಎರೆ ನೆಲದಲ್ಲಿ ಮಳೆ ಹಿಡಿದರೆ ಹಿಂಗಾಲಿನ ಗೊರಸಿನ ಸಂದು ಕೊಳೆಯುತ್ತದೆ. ಹಿಂಗಾಲು ನೋಯುವ ಟಗರು ಕುರಿಯ ಹಿಂದೆ ತಿರುಗುತ್ತದೆ, ಮೂಸುತ್ತದೆ, ಹಾರುವುದಿಲ್ಲ. ಲೀಟರ್ ನೀರಿಗೆ 100 ಗ್ರಾಂ ಸತುವಿನ ಸಲ್ಫೇಟ್ ಕರಗಿಸಿ, ಹತ್ತು ನಿಮಿಷ ಕಾಲು ಮುಳುಗಿಸಿ ನಿಲ್ಲಿಸಿ. ಆ ನೀರು ಕುಡಿಯಲು ಬಿಡಬೇಡಿ.

---

ಶಿರಹಟ್ಟಿ_ಹಟ್ಟಿ

ಬಣ್ಣಕ್ಕ ಟ್ರ್ಯಾಕ್ಟರ್ ಹಳೇ ಆಯಿಲ್ ನಡೀತೈತೇನ್ರಿ? ಮನಿಯಾಗ ಐತಿ.

---

ಪಶುವೈದ್ಯ_ಹಾವೇರಿ

ಬೇಡ. ಎದೆಯ ಚರ್ಮ ಸುಟ್ಟು ಹುಣ್ಣಾದರೆ ಟಗರು ಹಾರುವುದನ್ನೇ ಬಿಡುತ್ತದೆ, ಕುರಿಯ ಉಣ್ಣೆಯ ಕಲೆಯೂ ಹೋಗದು. ಭಜಿ ಕರಿದು ಉಳಿದ ಎಣ್ಣೆ ಸಾಕು. ಮಳೆಗಾಲದಲ್ಲಿ ಮೊದಲ ದಿನ ಹಚ್ಚಿದ್ದು ತೊಳೆದು ಹೋಗುತ್ತದೆ, ಆಗ ದಿನಾ ಸಂಜೆ ದಡ್ಡಿಗೆ ಬಿಡುವ ಮುಂಚೆ ಬಳಿಯಿರಿ.