ಅಪ್‌ಡೇಟ್: ಮಗಳ ಸಸಿಹಿತ್ಲು ಬೀಚ್ ಪ್ರಾಜೆಕ್ಟ್, ತೀರ್ಮಾನ ಬರೆದಾಯ್ತು

ಮಗಳ ಭೂಗೋಳ ಪ್ರಾಜೆಕ್ಟಿಗೆ ಅವಳ ಗುಂಪಿನವರು ಮಂಗಳೂರು ಹತ್ತಿರದ ಸಸಿಹಿತ್ಲಿನಲ್ಲಿ ಬೀಚಿನ ಅಗಲ ಅಳೆದಿದ್ದಾರೆ, ತೀರ್ಮಾನ ಹೇಗೆ ಬರೆಯುವುದು ಅಂತ ಕೇಳಿದ್ದೆ ಅಲ್ವಾ? ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಗುಂಪಿನ ಮಕ್ಕಳಿಗೆ 'ಕಡಲ್ಕೊರೆತದಿಂದ ಬೀಚ್ ನಾಶವಾಗುತ್ತಿದೆ' ಅಂತ ಬರೆಯುವ ಆಸೆ. ಪೇಪರಿನಲ್ಲಿ ಮಳೆಗಾಲ ಪೂರ್ತಿ ಓದುವುದು ಅದನ್ನೇ ತಾನೇ. ಆದರೆ ಅವರ ಅಳತೆ ಹೇಳುವುದು ಇಷ್ಟೇ: ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆಯ ಹತ್ತಿರ ಬೀಚ್ ಕಿರಿದು, ದೂರ ಹೋದಂತೆ ಅಗಲ.

'ಅಳೆಯುವಾಗ ಉಬ್ಬರವೋ ಇಳಿತವೋ?' ಅಂತ ಒಬ್ಬರು ಕೇಳಿದ್ದರಲ್ಲ, ಎಲ್ಲದಕ್ಕಿಂತ ಉಪಯೋಗಕ್ಕೆ ಬಂದ ಪ್ರಶ್ನೆ ಅದು. ಪುಣ್ಯಕ್ಕೆ ಮಗಳು ಪ್ರತಿ ಅಳತೆಯ ಪಕ್ಕ ಟೈಮ್ ಬರೆದಿದ್ದಳು. ನೋಡಿದರೆ, ದೂರದ ತುದಿಯಿಂದ ಶುರು ಮಾಡಿ ಅಳಿವೆ ಕಡೆ ಬಂದಿದ್ದಾರೆ, ಅಷ್ಟೂ ಹೊತ್ತು ನೀರು ಏರುತ್ತಲೇ ಇತ್ತು! ಅಂದರೆ ಆ ಕಿರಿದಿನಲ್ಲಿ ಉಬ್ಬರದ ಪಾಲೂ ಇದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಮತ್ತೆ ಅಳೆಯಲು 'ನಿನ್ನೆಯ ಟೈಮಿಗೇ ಬನ್ನಿ' ಅಂದರೆ ಸಾಲದು. ವೇಳಾಪಟ್ಟಿ ನೋಡಿಕೊಂಡು ಇಳಿತದ ಹೊತ್ತಿಗೆ ಎರಡೂ ತುದಿಯಲ್ಲಿ ಒಟ್ಟಿಗೇ ಟೇಪ್ ಹಿಡಿಸಿದೆವು. ವ್ಯತ್ಯಾಸ ಕಡಿಮೆಯಾಯ್ತು, ಆದರೆ ಹೋಗಲಿಲ್ಲ.

ಕೊನೆಗೆ ಬರೆದದ್ದು: 'ನಾವು ಅಳೆದ ಹೊತ್ತಿನಲ್ಲಿ ಅಳಿವೆಯ ಬಳಿ ಬೀಚ್ ಕಿರಿದಾಗಿತ್ತು. ಕೊರೆತವೇ ಕಾರಣ ಎನ್ನಲು ಈ ಅಳತೆ ಸಾಲದು. ಮಳೆಗಾಲದ ಅಲೆ ಮರಳು ಎಳೆದೊಯ್ಯುತ್ತದೆ, ಆಮೇಲೆ ಸಣ್ಣ ಅಲೆಗಳು ಸ್ವಲ್ಪ ಸ್ವಲ್ಪವಾಗಿ ವಾಪಸ್ ತರುತ್ತವೆ, ಎರಡೂ ಕಾಲದಲ್ಲಿ ಅದೇ ಜಾಗದಲ್ಲಿ ಅಳೆಯಬೇಕು.'

'ಇಷ್ಟೇನಾ?' ಅಂತ ಒಬ್ಬ ಹುಡುಗ ಮುಖ ಸಣ್ಣ ಮಾಡಿದ. ಟೀಚರಿಗೆ ಮಾತ್ರ ಟೈಮ್ ಬರೆದ ಪುಟವೇ ಜಾಸ್ತಿ ಇಷ್ಟವಾಯ್ತಂತೆ.