ಅಪ್‌ಡೇಟ್: ವಿದ್ಯಾನಗರದ ಮನೆಯ ಅಡ್ವಾನ್ಸ್ ಸಿಕ್ಕಿತು

ಕಾಸರಗೋಡು ವಿದ್ಯಾನಗರದ ಬಾಡಿಗೆಮನೆ ಬಿಟ್ಟು ಎರಡು ತಿಂಗಳಾದರೂ 40,000 ರೂಪಾಯಿ ಅಡ್ವಾನ್ಸ್ ಬಂದಿಲ್ಲ, ಪೈಂಟಿಗೆಂದು 15,000 ಹಿಡಿಯುತ್ತಾರಂತೆ, ಏನು ಮಾಡಲಿ ಎಂದು ಕೇಳಿದ್ದೆ. ನಿನ್ನೆ 38,000 ಕೈಸೇರಿತು.

ಕರಾರು ಮಲಯಾಳದಲ್ಲಿತ್ತು, ಓದಿಸದೆ ಸಹಿ ಹಾಕಿದ್ದು ನನ್ನದೇ ತಪ್ಪು. ನೆರೆಮನೆಯ ಟೀಚರಕ್ಕ ಓದಿ ಹೇಳಿದರು: ಪೈಂಟಿನ ಮಾತೇ ಅದರಲ್ಲಿಲ್ಲ. ಹಣ ವಸೂಲಿಯ ದಾವೆಗೆ 1963ರ ಕಾಲಮಿತಿ ಕಾಯ್ದೆಯಲ್ಲಿ 3 ವರ್ಷ ಅವಕಾಶವಿದೆ ಎಂದು ವಕೀಲರು ಹೇಳಿದ ಮೇಲೆ ಗಾಬರಿ ಇಳಿಯಿತು. ನೋಟೀಸಿಗೆ ಮೊದಲು ಓನರ್ ಮನೆಗೇ ಹೋದೆ. ಒಕ್ಕಲು ಬಂದ ದಿನವೇ ತೆಗೆದ ಫೋಟೋ ತೋರಿಸಿದೆ. ಅಡುಗೆಕೋಣೆಯ ಕಿಟಕಿಯಡಿ ಮಳೆನೀರಿನ ಅದೇ ಪಾಚಿ ಕಲೆ. ಅವರು ಕನ್ನಡಕ ಹಾಕಿ ತುಂಬ ಹೊತ್ತು ನೋಡಿದರು. ಹಿಂದಿನವರು ಕರೆಂಟ್ ಬಿಲ್ ಕಟ್ಟದೆ ಹೋಗಿದ್ದರಂತೆ, ಆ ಹೆದರಿಕೆ ಇನ್ನೂ ಹೋಗಿಲ್ಲ ಪಾಪ. ಹಿಡಿದ 2,000 ನಾನು ಒಡೆದ ಸಿಂಕಿಗೆ, ಅದು ನ್ಯಾಯವೇ.