ಅಪ್‌ಡೇಟ್: ಪ್ರೌಢಶಾಲೆಯಲ್ಲಿ ವಕೀಲರ ಪಾಠ

ನಾವು ಕೆಲವು ವಕೀಲರು ಪ್ರೌಢಶಾಲೆಯ ಮಕ್ಕಳಿಗೆ ಸ್ವಯಂಪ್ರೇರಣೆಯಿಂದ ಕಾನೂನು ಕಲಿಸಲು ಹೊರಟಿದ್ದೇವೆ, ಎಲ್ಲಿಂದ ಆರಂಭಿಸಬೇಕು ಎಂದು ಹಿಂದೆ ಕೇಳಿದ್ದೆ. "ಸೆಕ್ಷನ್‌ಗಳನ್ನು ಬದಿಗಿಡಿ, ಅಣಕು ನ್ಯಾಯಾಲಯ ನಡೆಸಿ" ಎಂದವರಿಗೆ ಮನಸಾರೆ ಧನ್ಯವಾದ. ಹಾಗೆಯೇ ಮಾಡಿದೆವು.

ಸೈಕಲ್ ಕಳವಿನ ಕಲ್ಪಿತ ಪ್ರಕರಣ ಕೊಟ್ಟೆವು. ಸಾಕ್ಷಿಯಾಗಿದ್ದ ಹುಡುಗ "ಅವನೇ ಕದ್ದದ್ದು" ಎಂದು ಖಡಾಖಂಡಿತವಾಗಿ ಹೇಳಿದಾಗ ಇಡೀ ತರಗತಿ ತಲೆದೂಗಿತು. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳು ಪಾಟೀಸವಾಲಿಗೆ ಎದ್ದಳು. "ಮುಖ ನೋಡಿದೆಯಾ, ಅಂಗಿ ನೋಡಿದೆಯಾ?" ಅಂಗಿಯನ್ನಷ್ಟೇ. "ಅಂಥ ಅಂಗಿ ಇನ್ನಾರ ಬಳಿಯೂ ಇಲ್ಲವೇ?" ಸಾಕ್ಷಿ ತಡವರಿಸಿದ. ಕಂಡದ್ದು ಬೇರೆ, ಊಹಿಸಿದ್ದು ಬೇರೆ. ಆರೋಪ ಹೊರಿಸಿದವರೇ ಅದನ್ನು ಸಾಬೀತುಪಡಿಸಬೇಕು. ಇದನ್ನು ನಾವು ಹೇಳುವ ಮೊದಲೇ ಮಕ್ಕಳು ಹೇಳಿದರು. ನನಗಂತೂ ಮೈ ಪುಳಕಗೊಂಡಿತು.

ಇಂಥ ಪಾಠಕ್ಕೆ ದೊಡ್ಡ ಪರಂಪರೆಯೇ ಇದೆ. 1972ರಲ್ಲಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳು ಅಲ್ಲಿನ ಪ್ರೌಢಶಾಲೆಗಳಲ್ಲಿ ಆರಂಭಿಸಿದ 'ಸ್ಟ್ರೀಟ್ ಲಾ' ಎಂಬ ಕಾನೂನು ಪಾಠ ಈಗ ಹಲವು ದೇಶಗಳಿಗೆ ಹಬ್ಬಿದೆ.

ಬೋಧನೆಗಿಂತ ಮಾರ್ಗದರ್ಶನವೇ ಕಷ್ಟ. ಸಲುಗೆ ಬೆಳೆದಂತೆ ಮಕ್ಕಳು ಮನೆಯ ಸಂಕಟ ತೋಡಿಕೊಳ್ಳುತ್ತಾರೆ. ನಾವು ಅವರ ವಕೀಲರಲ್ಲ, ಯಾರಿಗಾದರೂ ಅಪಾಯವಿದ್ದರೆ ವಿಷಯವನ್ನು ಶಾಲೆಗೆ ತಿಳಿಸಲೇಬೇಕಾಗುತ್ತದೆ ಎಂದು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇವೆ. ಅಷ್ಟು ಹೇಳಿದ ಮೇಲೂ ಅವರು ಮಾತನಾಡುತ್ತಾರೆ.

ವಿಚಾರಣೆಯ ದಿನಾಂಕಗಳು ಅಡ್ಡ ಬರುವುದರಿಂದ ಪ್ರತಿ ಗುಂಪಿಗೂ ಇಬ್ಬರು ವಕೀಲರಿದ್ದೇವೆ. ಒಬ್ಬರಾದರೂ ತಪ್ಪದೇ ಹೋಗುತ್ತೇವೆ. ಕಾದು ಕುಳಿತ ಮಕ್ಕಳಿಗೆ 'ಮುಂದೂಡಲಾಗಿದೆ' ಎನ್ನಲು ನನಗೆ ಮನಸ್ಸಿಲ್ಲ.